ದಿನ ತುಂಬದ ಶಿಶುವಿನ ಎಲುಬು : ಒಂದು ಪ್ರಶ್ನೆಯ ಇತಿಹಾಸ

೧

ಎಳೆಯ ಮಕ್ಕಳ ಎಲುಬು ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ಎಂಬ ರೋಗದ ಚರಿತ್ರೆಯು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಬಹು ಪ್ರಸಿದ್ಧವಾದ ಅಧ್ಯಾಯ. ಮೀನೆಣ್ಣೆ, ಬಿಸಿಲು, 'ಡಿ' ಜೀವಸತ್ವ ಇವುಗಳ ಕಥೆಯನ್ನು ಶಾಲೆಯ ಪಠ್ಯಪುಸ್ತಕಗಳೂ ಹೇಳುತ್ತವೆ. ಆದರೆ ಈ ದೊಡ್ಡ ಚರಿತ್ರೆಯ ಮಗ್ಗುಲಲ್ಲಿಯೇ ಇನ್ನೊಂದು ಸಣ್ಣ ಚರಿತ್ರೆಯಿದೆ. ಅದು ದಿನ ತುಂಬುವ ಮೊದಲೇ ಭೂಮಿಗೆ ಬಂದ ಶಿಶುಗಳ ಎಲುಬಿನ ಚರಿತ್ರೆ. ಮೊದಲನೆಯದಕ್ಕೆ ದೊರೆತ ಉತ್ತರವು ಎರಡನೆಯದಕ್ಕೆ ಸಾಲದೆ ಹೋಯಿತು. ಸಾಲದೆಂಬುದನ್ನು ತಿಳಿದುಕೊಳ್ಳಲು ಹಲವು ದಶಕಗಳೇ ಹಿಡಿದವು. ತಿಳಿದುದನ್ನು ನಡುವೆ ಒಮ್ಮೆ ಮರೆತುದೂ ಉಂಟು. ಈ ಲೇಖನದಲ್ಲಿ ನಾನು ವಾಚಕರ ಮುಂದೆ ಇಡಬೇಕೆಂದಿರುವುದು ಆ ಎರಡನೆಯ ಚರಿತ್ರೆಯನ್ನು.

ನಾನು ವೈದ್ಯನಲ್ಲ. ಬ್ಯಾಂಕಿನಲ್ಲಿ ಕುಳಿತು ಜಮಾಖರ್ಚು ನೋಡುವವನು. ಆದಕಾರಣ ಈ ವಿಷಯಕ್ಕೆ ಕೈಹಾಕಿದುದು ಹೇಗೆಂದು ಒಂದು ಮಾತು ಹೇಳಬೇಕಾದುದು ನ್ಯಾಯವೇ. ಹನ್ನೆರಡು ವರ್ಷಗಳ ಹಿಂದೆ ನಮ್ಮ ಮಗಳು ಮುಂಬಯಿಯಲ್ಲಿ ಇಪ್ಪತ್ತೊಂಬತ್ತನೆಯ ವಾರಕ್ಕೇ ಹುಟ್ಟಿದಳು. ಆಗ ಅವಳ ತೂಕ ೧,೧೦೦ ಗ್ರಾಂ. ಧಾರವಾಡದಿಂದ ಬಾಣಂತನಕ್ಕೆಂದು ಬಂದಿದ್ದ ನಮ್ಮ ತಾಯಿಯವರು ಆಸ್ಪತ್ರೆಯ ಗಾಜಿನ ಆಚೆಗೆ ಮೊಮ್ಮಗಳನ್ನು ಕಂಡು ಮಾತಾಡದೆ ನಿಂತುಬಿಟ್ಟರು. ಮೂರನೆಯ ವಾರದಲ್ಲಿ, ನನ್ನ ಹೆಂಡತಿ ಹಿಂಡಿಕೊಟ್ಟ ಹಾಲಿಗೆ ದಾದಿಯು ಒಂದು ಸಣ್ಣ ಪೊಟ್ಟಣದ ಪುಡಿಯನ್ನು ಬೆರೆಸುವುದನ್ನು ನೋಡಿ ಅವರು ನನ್ನನ್ನು ಕೇಳಿದರು: "ಯಾಕಪಾ, ತಾಯಿ ಹಾಲಿನ್ಯಾಗೂ ಏನರ ಕಡಿಮಿ ಇರತದೇನು?"

ನನಗೆ ಉತ್ತರ ತಿಳಿದಿರಲಿಲ್ಲ. ಈ ಪ್ರಶ್ನೆಯನ್ನು ನಮ್ಮ ತಾಯಿಯವರು ಕೇಳುವುದಕ್ಕೆ ಬಹಳ ಮೊದಲೇ ಪ್ಯಾರಿಸ್ಸು, ನ್ಯೂಯಾರ್ಕು, ಸ್ವೀಡನ್ನುಗಳ ವೈದ್ಯರು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದರೆಂಬುದೂ, ಅದಕ್ಕೆ ಕೆಲವರು 'ಇಲ್ಲ' ಎಂದೂ ಕೆಲವರು 'ಉಂಟು' ಎಂದೂ ಹೇಳಿ ಇಬ್ಬರೂ ಅರ್ಧ ಸರಿಯಾಗಿದ್ದರೆಂಬುದೂ ಆಮೇಲೆ ಓದುತ್ತ ಹೋದಂತೆ ನನಗೆ ತಿಳಿದುಬಂದಿತು.

೨

ನಮ್ಮ ದೇಶದ ಪ್ರಾಚೀನ ಬಾಲವೈದ್ಯ ಗ್ರಂಥಗಳಲ್ಲಿ ಕಾಶ್ಯಪ ಸಂಹಿತೆಯದು ಮುಖ್ಯ ಸ್ಥಾನ. ನೇಪಾಳದಲ್ಲಿ ದೊರೆತ ಹಸ್ತಪ್ರತಿಯ ಆಧಾರದಿಂದ, ಪಂಡಿತ ಹೇಮರಾಜ ಶರ್ಮರ ವಿಸ್ತಾರವಾದ ಉಪೋದ್ಘಾತದೊಡನೆ, ಇದು ೧೯೩೮ರಲ್ಲಿ ಅಚ್ಚಾಯಿತು. ಇದರಲ್ಲಿ 'ಫಕ್ಕ' ಎಂಬ ರೋಗದ ವರ್ಣನೆಯಿದೆ. ಒಂದು ವರ್ಷ ಕಳೆದರೂ ತನ್ನ ಕಾಲಿನ ಮೇಲೆ ನಡೆಯಲಾರದ ಮಗುವಿಗೆ ಫಕ್ಕವೆಂದು ಹೆಸರು. ಗ್ರಂಥಕಾರನು ಇದನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಹಾಲೂಡುವವಳ ಹಾಲು ಕೆಟ್ಟುದರಿಂದ ಬರುವ ಕ್ಷೀರಜ, ಹಾಲೂಡುವ ತಾಯಿ ಮತ್ತೆ ಗರ್ಭಿಣಿಯಾದುದರಿಂದ ಬರುವ ಗರ್ಭಜ, ಬೇರೆ ರೋಗಗಳಿಂದ ಬರುವ ವ್ಯಾಧಿಜ. ಅಂಥ ಮಗುವಿಗೆ ನಡೆಯುವ ಅಭ್ಯಾಸ ಮಾಡಿಸಲು ಮೂರು ಗಾಲಿಯ ಸಣ್ಣ ರಥವೊಂದನ್ನೂ ಹೇಳಿದ್ದಾನೆ.

ಫಕ್ಕವೇ ಇಂದಿನ ರಿಕೆಟ್ಸ್ ಎಂದು ಕೆಲವರು ಸಮೀಕರಿಸುವುದುಂಟು. ಅಷ್ಟು ದೂರ ಹೋಗುವುದು ಸಾಧುವಲ್ಲ. ಗ್ರಂಥದ ಲಕ್ಷಣಗಳು ಸಾಮಾನ್ಯವಾದ ಪೋಷಣೆಯ ಕೊರತೆಗೂ ಹೊಂದುತ್ತವೆ. ಆದರೆ ಒಂದಂಶ ಗಮನಾರ್ಹವಾಗಿದೆ. ಮಗುವಿನ ಕಾಲಿನ ಬಲವು ಅದು ಕುಡಿಯುವ ಹಾಲನ್ನು ಅವಲಂಬಿಸಿದೆ, ಆ ಹಾಲಿನಲ್ಲಿ ಏರುಪೇರು ಇರುವುದು ಸಾಧ್ಯ ಎಂಬ ವಿಚಾರವು ನಮ್ಮಲ್ಲಿ ಅಪರಿಚಿತವಾಗಿರಲಿಲ್ಲ.

ಯುರೋಪಿನಲ್ಲಿ ಈ ರೋಗದ ಸ್ಪಷ್ಟ ದಾಖಲೆ ಹದಿನೇಳನೆಯ ಶತಮಾನದ್ದು. ಲಂಡನ್ ನಗರದ ಮರಣಪಟ್ಟಿಗಳಲ್ಲಿ ೧೬೩೪ರಲ್ಲಿ ರಿಕೆಟ್ಸಿನ ಹೆಸರು ಕಾಣಿಸಿಕೊಳ್ಳುತ್ತದೆ. ೧೬೪೫ರಲ್ಲಿ ಡೇನಿಯಲ್ ವಿಸ್ಲರನು ಲೈಡನ್ ವಿಶ್ವವಿದ್ಯಾಲಯಕ್ಕೆ ಇದರ ಮೇಲೆ ಪ್ರಬಂಧವನ್ನು ಅರ್ಪಿಸಿದನು. ೧೬೫೦ರಲ್ಲಿ ಫ್ರಾನ್ಸಿಸ್ ಗ್ಲಿಸನ್ನನ ದೊಡ್ಡ ಗ್ರಂಥ ಹೊರಬಂದಿತು. ರೋಗದ ರೂಪವೇನೋ ತಿಳಿಯಿತು, ಕಾರಣ ತಿಳಿಯಲಿಲ್ಲ. ೧೮೨೨ರಲ್ಲಿ ಪೋಲೆಂಡಿನ ಸ್ನ್ಯಾಡೆಟ್ಸ್ಕಿಯು ವಾರ್ಸಾ ನಗರದ ಮಕ್ಕಳಿಗೆ ಈ ರೋಗವು ವಿಶೇಷವಾಗಿಯೂ ಹಳ್ಳಿಯ ಮಕ್ಕಳಿಗೆ ವಿರಳವಾಗಿಯೂ ಬರುವುದನ್ನು ಕಂಡು, ಬಿಸಿಲೇ ಇದಕ್ಕೆ ಮದ್ದೆಂದು ಬರೆದನು. ೧೮೯೦ರಲ್ಲಿ, ಜಪಾನಿನಲ್ಲಿ ಕೆಲಸಮಾಡಿ ಇಂಗ್ಲೆಂಡಿಗೆ ಮರಳಿದ್ದ ವೈದ್ಯ ಥಿಯೊಬಾಲ್ಡ್ ಪಾಮ್ ಕೂಡ ದೇಶದೇಶಗಳ ವರ್ತಮಾನವನ್ನು ಕಲೆಹಾಕಿ ಅದೇ ನಿರ್ಣಯಕ್ಕೆ ಬಂದನು. ಇಬ್ಬರ ಮಾತಿಗೂ ಆಗ ಹೆಚ್ಚು ಬೆಲೆ ಬರಲಿಲ್ಲ.

೩

ಒಂದನೆಯ ಮಹಾಯುದ್ಧದ ಆಸುಪಾಸಿನ ಹತ್ತು ವರ್ಷಗಳಲ್ಲಿ ಈ ಒಗಟು ಬಿಡಿಸಿತು. ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಹೆಸ್ ಮತ್ತು ಅಂಗರ್ ಎಂಬವರು ೧೯೧೭ರಲ್ಲಿ ಕಾಡ್ ಮೀನಿನ ಎಣ್ಣೆಯಿಂದ ಮಕ್ಕಳಿಗೆ ಈ ರೋಗ ಬಾರದಂತೆ ತಡೆಯಬಹುದೆಂದು ತೋರಿಸಿದರು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳಿಗೆ ಆಹಾರದಿಂದಲೇ ರಿಕೆಟ್ಸ್ ಬರಿಸಿ, ಅದನ್ನು ಅದೇ ಎಣ್ಣೆಯಿಂದ ತಡೆದನು. ಬರ್ಲಿನ್ನಿನಲ್ಲಿ ೧೯೧೯ರಲ್ಲಿ ಹುಲ್ಡ್‌ಶಿನ್ಸ್ಕಿಯು ಪಾದರಸದ ದೀಪದ ಅತಿನೇರಳೆ ಕಿರಣಗಳನ್ನು ಬೀರಿ ರೋಗವನ್ನು ವಾಸಿಮಾಡಿದನು. ಒಂದೇ ತೋಳಿಗೆ ಬೆಳಕು ಬಿದ್ದರೂ ಎರಡು ತೋಳಿನ ಎಲುಬುಗಳೂ ಗಟ್ಟಿಯಾದುವು. ಅಂದರೆ ಚರ್ಮದಲ್ಲಿ ಹುಟ್ಟಿದ ಯಾವುದೋ ವಸ್ತು ರಕ್ತದ ಮೂಲಕ ದೇಹವನ್ನೆಲ್ಲ ತಲಪುತ್ತದೆ ಎಂದಾಯಿತು. ಯುದ್ಧದಿಂದ ಬಡವಾಗಿದ್ದ ವಿಯೆನ್ನಾದಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಅವಳ ಸಹೋದ್ಯೋಗಿಗಳು ಮೀನೆಣ್ಣೆ, ಬಿಸಿಲು ಎರಡೂ ಒಂದೇ ಫಲವನ್ನು ಕೊಡುತ್ತವೆಂದು ಆಸ್ಪತ್ರೆಯ ಮಕ್ಕಳಲ್ಲಿ ಸಿದ್ಧಪಡಿಸಿದರು. ೧೯೨೨ರಲ್ಲಿ ಅಮೆರಿಕದ ಮೆಕಾಲಮ್, ಈ ಎಣ್ಣೆಯಲ್ಲಿ 'ಎ' ಜೀವಸತ್ವ ನಾಶವಾದ ಮೇಲೂ ಎಲುಬನ್ನು ಗಟ್ಟಿಮಾಡುವ ಗುಣ ಉಳಿಯುವುದೆಂದು ತೋರಿಸಿದನು. ಆ ಗುಣಕ್ಕೆ 'ಡಿ' ಎಂದು ಹೆಸರು ಬಂದಿತು. ಇದರ ರಸಾಯನವನ್ನು ಶೋಧಿಸಿದ ಜರ್ಮನಿಯ ವಿಂಡೌಸ್‌ಗೆ ೧೯೨೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಕಥೆಯಲ್ಲಿ ನಮ್ಮ ಮುಂಬಯಿ ಇಲಾಖೆಗೂ ಒಂದು ಪಾತ್ರವಿದೆ. ನಾಸಿಕದಲ್ಲಿ ಕೆಲಸಮಾಡುತ್ತಿದ್ದ ಹಚಿಸನ್ ಎಂಬ ವೈದ್ಯರು, ಶಾ ಎಂಬವರೊಡನೆ ೧೯೨೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ ಉಪಚಾರಕ್ಕೆ ಕೊರತೆಯಿಲ್ಲದ ಆದರೆ ಪರದೆಯ ಪದ್ಧತಿಯುಳ್ಳ ಮನೆಗಳಲ್ಲಿ ರಿಕೆಟ್ಸ್ ಕಾಣುವುದೆಂದೂ, ಹೊಲದಲ್ಲಿ ಬಿಸಿಲಿಗೆ ಬೆಳೆದ ಬಡವರ ಮಕ್ಕಳು ಅಲ್ಪಾಹಾರದಲ್ಲಿದ್ದರೂ ಅದರಿಂದ ಪಾರಾಗುವರೆಂದೂ ತೋರಿಸಿದರು. ಬಿಸಿಲಿನ ದೇಶದಲ್ಲಿ ಈ ರೋಗ ಇರಲಾರದೆಂಬ ನಂಬಿಕೆಗೆ ಇದು ತಕ್ಕ ಉತ್ತರವಾಗಿತ್ತು.

ಹೀಗೆ ೧೯೩೦ರ ಹೊತ್ತಿಗೆ ಪ್ರಶ್ನೆ ಮುಗಿಯಿತೆಂದು ಎಲ್ಲರೂ ಭಾವಿಸಿದರು. ರಿಕೆಟ್ಸ್ ಎಂದರೆ 'ಡಿ' ಜೀವಸತ್ವದ ಅಭಾವ, ಅದನ್ನು ಕೊಟ್ಟರೆ ರೋಗವಿಲ್ಲ. ತಿಂಗಳು ತುಂಬಿ ಹುಟ್ಟಿದ ಮಕ್ಕಳ ಮಟ್ಟಿಗೆ ಇದು ಬಹುಮಟ್ಟಿಗೆ ನಿಜವೂ ಆಗಿತ್ತು. ತೊಡಕಾದುದು ತುಂಬದೆ ಹುಟ್ಟಿದವರ ವಿಷಯದಲ್ಲಿ.

೪

ದಿನ ತುಂಬದ ಶಿಶುಗಳು ಬದುಕಬಹುದು ಎಂಬ ಆಸೆಯೇ ಇತಿಹಾಸದಲ್ಲಿ ಇತ್ತೀಚಿನದು. ಪ್ಯಾರಿಸ್ಸಿನ ಪ್ರಸೂತಿ ವೈದ್ಯ ಸ್ತೆಫಾನ್ ತಾರ್ನಿಯೆ ಅಲ್ಲಿಯ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಮೊಟ್ಟೆಗೆ ಕಾವುಕೊಡುವ ಯಂತ್ರವನ್ನು ಕಂಡು, ಅಂಥದನ್ನೇ ಶಿಶುಗಳಿಗಾಗಿ ಮಾಡಿಸಿದನು. ೧೮೮೧ರಲ್ಲಿ ಮಾತೆರ್ನಿತೆ ಆಸ್ಪತ್ರೆಯಲ್ಲಿ ಅದು ಬಳಕೆಗೆ ಬಂದಿತು. ಎರಡು ಕಿಲೋಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳಲ್ಲಿ ನೂರಕ್ಕೆ ಅರುವತ್ತಾರರಷ್ಟಿದ್ದ ಮರಣವು ಮೂವತ್ತೆಂಟಕ್ಕೆ ಇಳಿಯಿತು. ಅವನ ಶಿಷ್ಯ ಪಿಯೆರ್ ಬ್ಯೂದಾಂ ೧೯೦೦ರಲ್ಲಿ ಪ್ರಕಟಿಸಿದ 'ಲ ನೂರಿಸಾಂ' ಎಂಬ ಗ್ರಂಥದಲ್ಲಿ ಇಂಥ ಮಕ್ಕಳ ರಕ್ಷಣೆಗೆ ಮೂರು ಕಂಬಗಳನ್ನು ಹೇಳಿದನು: ಮೈಯ ಶಾಖ, ಆಹಾರ, ರೋಗಗಳಿಂದ ಕಾಪು. ಆಹಾರವೆಂದರೆ ಅವನ ದೃಷ್ಟಿಯಲ್ಲಿ ಮೊಲೆಹಾಲೇ. ತಾಯಿಯನ್ನು ಮಗುವಿನಿಂದ ಅಗಲಿಸಬಾರದೆಂಬುದು ಅವನ ಆಗ್ರಹವಾಗಿತ್ತು.

ಇದರ ಪಕ್ಕದಲ್ಲಿಯೇ ಒಂದು ವಿಚಿತ್ರ ಸಂಗತಿ. ಮಾರ್ಟಿನ್ ಕೌನಿ ಎಂಬಾತನು ೧೯೦೩ರಿಂದ ೧೯೪೩ರ ವರೆಗೆ ನ್ಯೂಯಾರ್ಕಿನ ಕೋನಿ ದ್ವೀಪದ ಜಾತ್ರೆಯಂಥ ಮೋಜಿನ ಬೀದಿಯಲ್ಲಿ ಇಂಥ ಶಿಶುಗಳನ್ನು ಶಾಖಪೆಟ್ಟಿಗೆಗಳಲ್ಲಿ ಇಟ್ಟು, ನೋಡಲು ಬಂದವರಿಂದ ಟಿಕೀಟಿನ ಹಣ ಪಡೆದು, ಆ ಹಣದಿಂದಲೇ ಅವುಗಳನ್ನು ಸಾಕಿದನು. ತಂದೆತಾಯಿಯರಿಂದ ಒಂದು ಕಾಸನ್ನೂ ಕೇಳಲಿಲ್ಲ. ಆಸ್ಪತ್ರೆಗಳು ಕೈಬಿಟ್ಟ ಮಕ್ಕಳು ಅಲ್ಲಿ ಬದುಕಿದವು. ಅವನೂ ಹಾಲೂಡುವ ದಾದಿಯರನ್ನೇ ಇಟ್ಟುಕೊಂಡಿದ್ದನು. ವಿಯೆನ್ನಾದಲ್ಲಿ ೧೯೦೯ರಲ್ಲಿ ಮೊದಲ ಎದೆಹಾಲಿನ ಬ್ಯಾಂಕು ಸ್ಥಾಪಿತವಾದುದೂ ಈ ನಂಬಿಕೆಯ ಮೇಲೆಯೇ.

ಇಲ್ಲಿಯ ವರೆಗೆ ನಮ್ಮ ತಾಯಿಯವರ ಪ್ರಶ್ನೆಗೆ ಸರ್ವಾನುಮತದ ಉತ್ತರ 'ಇಲ್ಲ' ಎಂಬುದೇ. ಆದರೆ ಬದುಕಿ ಉಳಿದ ಮಕ್ಕಳಲ್ಲಿ ಎಲುಬು ಮೆತ್ತಗಾಗುವುದು ಹೆಚ್ಚೆಂಬುದನ್ನು ವೈದ್ಯರು ಕಾಣತೊಡಗಿದ್ದರು. ಮೊದಲು ಸಾಯುತ್ತಿದ್ದವರು ಈಗ ಬದುಕಿದುದರಿಂದ ಈ ಹೊಸ ರೋಗ ಕಣ್ಣಿಗೆ ಬಿದ್ದಿತೆಂಬುದನ್ನು ಮರೆಯಬಾರದು.

೫

ಕಾರಣವನ್ನು ತಿಳಿಯಲು ಗರ್ಭದೊಳಗಿನ ಲೆಕ್ಕವನ್ನು ನೋಡಬೇಕು. ಈ ಲೆಕ್ಕ ನನಗೆ ಬಹು ಬೇಗ ಅರ್ಥವಾಯಿತು. ನಮ್ಮ ವೃತ್ತಿಯವರಿಗೆ ಅದು ಅಪರಿಚಿತವಲ್ಲ.

ಎಲುಬಿನ ಗಟ್ಟಿತನಕ್ಕೆ ಆಧಾರವಾದುವು ಎರಡು ಖನಿಜಗಳು: ಸುಣ್ಣಾಂಶವೆಂದು ಕರೆಯುವ ಕ್ಯಾಲ್ಸಿಯಂ, ರಂಜಕವೆಂದು ಕರೆಯುವ ಫಾಸ್ಫರಸ್. ಬ್ರಿಟನ್ನಿನ ಎಲ್ಸಿ ವಿಡೋಸನ್ ಮತ್ತು ಸ್ಪ್ರೇ ಎಂಬವರು ೧೯೫೧ರಲ್ಲಿ ಪ್ರಕಟಿಸಿದ, ಗರ್ಭಸ್ಥ ಶಿಶುವಿನ ದೇಹದ ರಾಸಾಯನಿಕ ವಿಶ್ಲೇಷಣೆಯು ಈ ವಿಷಯದಲ್ಲಿ ಆಧಾರಭೂತವಾದುದು. ತಿಂಗಳು ತುಂಬಿದ ಶಿಶುವಿನ ಮೈಯಲ್ಲಿ ಸುಣ್ಣಾಂಶ ಸುಮಾರು ಮೂವತ್ತು ಗ್ರಾಂ ಇರುತ್ತದೆ. ಇದರಲ್ಲಿ ನೂರಕ್ಕೆ ಎಂಬತ್ತರಷ್ಟು ಪಾಲು ಗರ್ಭದ ಕೊನೆಯ ಮೂರು ತಿಂಗಳಲ್ಲಿಯೇ ಬಂದು ಸೇರತಕ್ಕದ್ದು. ರಂಜಕದ ವಿಷಯವೂ ಹಾಗೆಯೇ. ಮಾಸು, ತಾಯಿಯ ರಕ್ತದಲ್ಲಿರುವುದಕ್ಕಿಂತ ಹೆಚ್ಚಿನ ಮಟ್ಟಕ್ಕೆ ಮಗುವಿನ ರಕ್ತದಲ್ಲಿ ಸುಣ್ಣಾಂಶವನ್ನು ಏರಿಸಿ ಕಳಿಸುತ್ತದೆ. ಆ ದಿನಗಳಲ್ಲಿ ಶಿಶುವಿನ ಪ್ರತಿ ಕಿಲೋಗ್ರಾಂ ತೂಕಕ್ಕೆ ದಿನವೊಂದಕ್ಕೆ ಸುಣ್ಣಾಂಶವು ೧೦೦ರಿಂದ ೧೩೦ ಮಿಲಿಗ್ರಾಮಿನಂತೆಯೂ ರಂಜಕವು ೬೦ರಿಂದ ೭೫ ಮಿಲಿಗ್ರಾಮಿನಂತೆಯೂ ಜಮೆಯಾಗುತ್ತ ಹೋಗುತ್ತದೆ.

ಇಪ್ಪತ್ತೊಂಬತ್ತನೆಯ ವಾರಕ್ಕೆ ಹುಟ್ಟಿದ ಮಗುವಿಗೆ ಈ ಜಮೆ ಒಮ್ಮೆಲೇ ನಿಂತುಹೋಗುತ್ತದೆ. ಆ ಮಗುವಿಗೆ ದಿನಕ್ಕೆ ಕಿಲೋಗ್ರಾಂ ತೂಕಕ್ಕೆ ೧೬೦ ಮಿಲಿಲೀಟರಿನಂತೆ ತಾಯಿಹಾಲು ಕೊಟ್ಟೆವೆಂದು ಇಟ್ಟುಕೊಳ್ಳೋಣ. ನೂರು ಮಿಲಿಲೀಟರು ತಾಯಿಹಾಲಿನಲ್ಲಿ ಸುಣ್ಣಾಂಶ ಸುಮಾರು ೨೫ರಿಂದ ೩೦ ಮಿಲಿಗ್ರಾಂ, ರಂಜಕ ಸುಮಾರು ೧೫ ಮಿಲಿಗ್ರಾಂ. ಹಾಗಾದರೆ ದೊರೆತುದು ಸುಣ್ಣಾಂಶ ೪೫ರ ಆಸುಪಾಸು, ರಂಜಕ ೨೪ರ ಆಸುಪಾಸು. ದೊರೆತುದೆಲ್ಲ ಮೈಗೂಡುವುದೂ ಇಲ್ಲ. ಗರ್ಭದಲ್ಲಿ ಸಿಗಬೇಕಾಗಿದ್ದುದರ ಅರ್ಧವೂ ಆಗಲಿಲ್ಲ. ಹಾಲನ್ನು ಎರಡು ಮೂರು ಪಟ್ಟು ಕುಡಿಸಿ ಈ ಅಂತರವನ್ನು ತುಂಬೋಣವೆಂದರೆ ಅಷ್ಟು ಹಿಡಿಯುವ ಹೊಟ್ಟೆ ಆ ಮಗುವಿಗಿಲ್ಲ.

'ಡಿ' ಜೀವಸತ್ವವು ಕರುಳಿನಿಂದ ಈ ಖನಿಜಗಳನ್ನು ಒಳಕ್ಕೆ ಎಳೆದುಕೊಳ್ಳಲು ನೆರವಾಗುತ್ತದೆ, ಅಷ್ಟೇ. ಅದು ತಾನೇ ಖನಿಜವಲ್ಲ. ಬೊಕ್ಕಸದ ಬೀಗದ ಕೈ ಎಷ್ಟೇ ಇದ್ದರೂ ಬೊಕ್ಕಸ ಬರಿದಾಗಿದ್ದರೆ ಏನು ಫಲ? ರಂಜಕವು ಕಡಿಮೆಯಾದಾಗ ಸುಣ್ಣಾಂಶವೂ ಎಲುಬಿನಲ್ಲಿ ನಿಲ್ಲದೆ ಮೂತ್ರದಲ್ಲಿ ಹರಿದುಹೋಗುತ್ತದೆ. ರಕ್ತದಲ್ಲಿ ಸುಣ್ಣಾಂಶದ ಮಟ್ಟ ಮಾತ್ರ ಸರಿಯಾಗಿಯೇ ಕಾಣುತ್ತಿರುತ್ತದೆ. ಹೊರಗಣ ಲೆಕ್ಕ ನೇರ್ಪಾಗಿದ್ದು ಒಳಗಿನ ಠೇವಣಿ ಕರಗುವ ಪರಿ ಇದು. ಎಲುಬಿನ ಖನಿಜದಲ್ಲಿ ಐದರಲ್ಲೊಂದು ಪಾಲಾದರೂ ನಷ್ಟವಾದ ಹೊರತು ಸಾಮಾನ್ಯ ಎಕ್ಸ್‌ರೇ ಚಿತ್ರದಲ್ಲಿ ಅದು ತೋರುವುದಿಲ್ಲ.

೬

ಈ ಸತ್ಯ ಬೆಳಕಿಗೆ ಬಂದ ಕ್ರಮವೂ, ಬಂದ ಮೇಲೆ ಮರೆಯಾದ ಕ್ರಮವೂ ಇತಿಹಾಸಾಭ್ಯಾಸಿಗೆ ಪಾಠದಂತಿವೆ.

೧೯೪೩ರಲ್ಲಿ ಅಮೆರಿಕದ ಬೆಂಜಮಿನ್, ಗಾರ್ಡನ್, ಮಾರ್ಪಲ್ಸ್ ಎಂಬ ಮೂವರು ದಿನ ತುಂಬದ ಶಿಶುಗಳಿಗೆ ಬೇಕಾದ ಸುಣ್ಣಾಂಶ ರಂಜಕಗಳ ಪ್ರಮಾಣವನ್ನು ಅಳೆದು ಪ್ರಕಟಿಸಿದರು. ೧೯೪೬ರಲ್ಲಿ ಸ್ವೀಡನ್ನಿನ ಫಾನ್ ಸೀಡೋವ್, 'ಡಿ' ಜೀವಸತ್ವವನ್ನು ಕೊಟ್ಟರೂ ತಾಯಿಹಾಲಿನಲ್ಲಿ ಬೆಳೆಯುವ ಇಂಥ ಶಿಶುಗಳ ರಕ್ತದಲ್ಲಿ ರಂಜಕವು ತಗ್ಗಿಯೇ ಇರುವುದನ್ನು ತೋರಿಸಿದನು. ಉತ್ತರದ ಸಾರವೆಲ್ಲ ಇಲ್ಲಿಯೇ ಇತ್ತು. ಹಾಲನ್ನು ಬಿಡಬೇಕಾಗಿರಲಿಲ್ಲ, ಅದಕ್ಕೆ ಖನಿಜವನ್ನು ಕೂಡಿಸಬೇಕಾಗಿತ್ತು.

ಆದರೆ ಕಾಲವು ಬೇರೆ ದಾರಿ ಹಿಡಿಯಿತು. ೧೯೪೭ರಲ್ಲಿ ಗಾರ್ಡನ್, ಲೆವಿನ್, ಮ್ಯಾಕ್‌ನಮಾರಾ ಎಂಬವರು, ಕೊಬ್ಬು ತೆಗೆದು ಅಣಿಗೊಳಿಸಿದ ಹಸುವಿನ ಹಾಲು ಕುಡಿದ ಶಿಶುಗಳ ತೂಕ ತಾಯಿಹಾಲು ಕುಡಿದವುಗಳಿಗಿಂತ ಬೇಗ ಏರುವುದೆಂದು ವರದಿಮಾಡಿದರು. ಹಸುವಿನ ಹಾಲಿನಲ್ಲಿ ಸುಣ್ಣಾಂಶವು ತಾಯಿಹಾಲಿನ ನಾಲ್ಕು ಪಟ್ಟು, ರಂಜಕವು ಆರು ಪಟ್ಟು. ಅಮೆರಿಕದಲ್ಲಿಯೂ ಅದನ್ನು ಅನುಸರಿಸಿದ ಬೇರೆ ದೇಶಗಳಲ್ಲಿಯೂ ದೊಡ್ಡ ಆಸ್ಪತ್ರೆಗಳು ತಯಾರಿ ಹಾಲಿನ ಕಡೆಗೆ ತಿರುಗಿದವು. ಎಲುಬಿನ ಪ್ರಶ್ನೆ ಕಣ್ಮರೆಯಾಯಿತು. ಅದು ಬಿಡಿಸಿದುದರಿಂದ ಅಲ್ಲ, ಕೇಳುವ ಸಂದರ್ಭವೇ ಇಲ್ಲದಂತಾದುದರಿಂದ.

ಇದೇ ಕಾಲದಲ್ಲಿ ಬ್ರಿಟನ್ನಿನಲ್ಲಿ ವಿರುದ್ಧ ದಿಕ್ಕಿನ ಪ್ರಮಾದವೊಂದು ನಡೆಯಿತು. ಯುದ್ಧಕಾಲದ ನಂತರ ಮಕ್ಕಳ ಹಾಲಿನ ಪುಡಿ, ಧಾನ್ಯದ ಪುಡಿ, ಮೀನೆಣ್ಣೆ ಎಲ್ಲದಕ್ಕೂ 'ಡಿ' ಜೀವಸತ್ವವನ್ನು ಬೆರೆಸಿದುದರಿಂದ ಕೆಲವು ಶಿಶುಗಳ ರಕ್ತದಲ್ಲಿ ಸುಣ್ಣಾಂಶವು ಅಪಾಯಕರವಾಗಿ ಏರಿತು. ೧೯೫೭ರಲ್ಲಿ ಅಲ್ಲಿ ಈ ಬೆರಕೆಯ ಪ್ರಮಾಣವನ್ನು ಇಳಿಸಬೇಕಾಯಿತು. ಕೊರತೆಯಂತೆ ಅತಿಯೂ ದೋಷವೇ ಎಂಬುದಕ್ಕೆ ಇದು ನಿದರ್ಶನ.

ತರುವಾಯ ೧೯೭೦ರ ದಶಕದಲ್ಲಿ ಚಕ್ರ ಮತ್ತೆ ತಿರುಗಿತು. ಉಸಿರಾಟಕ್ಕೆ ನೆರವಾಗುವ ಯಂತ್ರಗಳು ಬಂದು, ಒಂದು ಕಿಲೋಗ್ರಾಮಿನ ಸುತ್ತಿನ ಶಿಶುಗಳೂ ಬದುಕತೊಡಗಿದವು. ರಕ್ತನಾಳದ ಮೂಲಕವೇ ಪೂರ್ಣ ಆಹಾರ ಕೊಡುವ ವಿಧಾನವೂ ಬಂದಿತು. ಅಲ್ಲಿಯೂ ಸುಣ್ಣಾಂಶ ರಂಜಕಗಳನ್ನು ಬೇಕಾದಷ್ಟು ಕೂಡಿಸಿದರೆ ಅವು ಸೀಸೆಯಲ್ಲಿಯೇ ಗರಣೆಗಟ್ಟುವ ತೊಡಕಿತ್ತು. ಇತ್ತ ತಾಯಿಹಾಲಿನ ರೋಗನಿರೋಧಕ ಗುಣಗಳು ಮನವರಿಕೆಯಾಗಿ ಆಸ್ಪತ್ರೆಗಳು ಅದಕ್ಕೆ ಮರಳಿದವು. ಮರಳಿದೊಡನೆ ಹಳೆಯ ರೋಗವೂ ಮರಳಿತು. ೧೯೭೯ರಲ್ಲಿ ರೋ ಮತ್ತು ಸಂಗಡಿಗರು, ತಾಯಿಹಾಲಿನಲ್ಲಿ ಬೆಳೆದ ದಿನ ತುಂಬದ ಶಿಶುವೊಂದಕ್ಕೆ ರಂಜಕದ ಕೊರತೆಯಿಂದ ಬಂದ ರಿಕೆಟ್ಸನ್ನು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ವರ್ಣಿಸಿದರು. ೧೯೪೬ರ ಸತ್ಯವು ಮೂವತ್ತಮೂರು ವರ್ಷಗಳ ಮೇಲೆ ಹೊಸದಾಗಿ ಕಂಡಿತು. ೧೯೮೦ರ ದಶಕದಲ್ಲಿ ತಾಯಿಹಾಲಿಗೇ ಬೆರೆಸುವ ಖನಿಜ ಪ್ರೋಟೀನುಗಳ ಪುಡಿ ಬಳಕೆಗೆ ಬಂದಿತು. ದಾದಿಯ ಕೈಯಲ್ಲಿ ನಮ್ಮ ತಾಯಿಯವರು ಕಂಡ ಪೊಟ್ಟಣದ ವಂಶಾವಳಿ ಇದು.

ತಾಯಿಹಾಲನ್ನು ಬಿಟ್ಟುದೇ ತಪ್ಪೆಂಬುದಕ್ಕೆ ೧೯೯೦ರಲ್ಲಿ ಬಲವಾದ ಸಾಕ್ಷ್ಯ ದೊರೆಯಿತು. ಬ್ರಿಟನ್ನಿನ ಲ್ಯೂಕಸ್ ಮತ್ತು ಕೋಲ್ ೯೨೬ ಶಿಶುಗಳನ್ನು ಪರಿಶೀಲಿಸಿ, ಬರಿಯ ತಯಾರಿ ಹಾಲು ಕುಡಿದವುಗಳಲ್ಲಿ ಕರುಳು ಕೊಳೆಯುವ ಭೀಕರ ರೋಗವು ಬರಿಯ ಎದೆಹಾಲು ಕುಡಿದವುಗಳಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚೆಂದು ತೋರಿಸಿದರು. ಎಲುಬನ್ನು ಉಳಿಸಲು ಹೋಗಿ ಕರುಳನ್ನು ಕಳೆದುಕೊಳ್ಳುವ ವ್ಯಾಪಾರ ಲಾಭದ್ದಲ್ಲ.

೭

ಮುಂಬಯಿಯಲ್ಲಿ ನೆಲಸಿದ ನಮಗೆ ಈ ಇತಿಹಾಸದ ಒಂದು ಪುಟ ನಮ್ಮ ಊರಿನದೇ ಎಂಬುದು ಹೆಮ್ಮೆಯ ವಿಷಯ. ಶೀವದ ಲೋಕಮಾನ್ಯ ತಿಲಕ ಮುನಿಸಿಪಲ್ ಆಸ್ಪತ್ರೆಯಲ್ಲಿ ೧೯೮೯ರಲ್ಲಿ ಡಾಕ್ಟರ್ ಆರ್ಮಿಡಾ ಫರ್ನಾಂಡಿಸ್ ಅವರು ಎದೆಹಾಲಿನ ಬ್ಯಾಂಕನ್ನು ಸ್ಥಾಪಿಸಿದರು. ಏಷ್ಯಾ ಖಂಡದಲ್ಲಿಯೇ ಅದು ಮೊದಲನೆಯದು. ಧಾರಾವಿಯ ನೆರೆಯಲ್ಲಿರುವ ಆ ಆಸ್ಪತ್ರೆಗೆ ಬರುವವರು ಬಹುಮಟ್ಟಿಗೆ ಬಡವರು. ಒಬ್ಬ ತಾಯಿಗೆ ಹೆಚ್ಚಾದ ಹಾಲು ಇನ್ನೊಬ್ಬಳ ಮಗುವಿನ ಪ್ರಾಣವಾಗುತ್ತದೆ. ನಾನು ನೌಕರಿ ಮಾಡುವ ಬ್ಯಾಂಕುಗಳಲ್ಲಿ ಠೇವಣಿ ಇಟ್ಟವರಿಗೇ ಬಡ್ಡಿ. ಆ ಬ್ಯಾಂಕಿನಲ್ಲಿ ಇಟ್ಟವಳು ಏನನ್ನೂ ಬೇಡಳು.

೨೦೨೦ರಲ್ಲಿ ಜಗತ್ತಿನಲ್ಲಿ ದಿನ ತುಂಬದೆ ಹುಟ್ಟಿದ ಶಿಶುಗಳು ಸುಮಾರು ಒಂದು ಕೋಟಿ ಮೂವತ್ತನಾಲ್ಕು ಲಕ್ಷವೆಂದು ಅಂದಾಜು. ಅವರಲ್ಲಿ ಸುಮಾರು ಮೂವತ್ತು ಲಕ್ಷ ಮಂದಿ ಭಾರತದವರು; ಬೇರಾವ ದೇಶದಲ್ಲಿಯೂ ಇಷ್ಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೧ರಲ್ಲಿ, ಒಂದೂವರೆ ಕಿಲೋಗ್ರಾಮಿಗೆ ಕಡಿಮೆ ತೂಕದ, ಎದೆಹಾಲು ಕುಡಿಯುವ ಶಿಶುಗಳಿಗೆ ಆರು ತಿಂಗಳ ವರೆಗೆ ದಿನಕ್ಕೆ ೪೦೦ರಿಂದ ೧,೦೦೦ ಮಾನಗಳಷ್ಟು 'ಡಿ' ಜೀವಸತ್ವವನ್ನೂ, ಮೊದಲ ತಿಂಗಳುಗಳಲ್ಲಿ ಕಿಲೋಗ್ರಾಂ ತೂಕಕ್ಕೆ ೧೨೦ರಿಂದ ೧೪೦ ಮಿಲಿಗ್ರಾಂ ಸುಣ್ಣಾಂಶವನ್ನೂ ೬೦ರಿಂದ ೯೦ ಮಿಲಿಗ್ರಾಂ ರಂಜಕವನ್ನೂ ಕೊಡಬೇಕೆಂದು ಸಲಹೆಮಾಡಿತು. ಈ ಅಂಕೆಗಳನ್ನು ಐದನೆಯ ಭಾಗದಲ್ಲಿ ಹೇಳಿದ ಗರ್ಭದ ಅಂಕೆಗಳೊಡನೆ ಹೋಲಿಸಿ ನೋಡಿದರೆ, ಗರ್ಭದಲ್ಲಿ ನಿಂತುಹೋದ ಜಮೆಯನ್ನು ಹೊರಗೆ ಮುಂದುವರಿಸುವ ಪ್ರಯತ್ನವೇ ಇದೆಂದು ವಾಚಕರಿಗೆ ಕೂಡಲೇ ಹೊಳೆಯುತ್ತದೆ.

ಇಲ್ಲಿ ನಮ್ಮ ಮನೆಯಲ್ಲಿ ನಡೆದ ತಪ್ಪೊಂದನ್ನು ಮುಚ್ಚಿಡದೆ ಹೇಳಬೇಕು. ಮಗಳು ಒಂಬತ್ತನೆಯ ವಾರದಲ್ಲಿ ಮನೆಗೆ ಬಂದಳು. ರಂಜಕದ ಹನಿಗಳನ್ನು ದಿನಕ್ಕೆ ನಾಲ್ಕು ಸಲ ಹಾಕಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದರು. ಹನಿಯನ್ನು ಹಾಕಿದಾಗಲೆಲ್ಲ ಕೂಸು ಮುಖ ಸಿಂಡರಿಸಿ ಕಕ್ಕುತ್ತಿತ್ತು. ಕೂಸು ಮೈತುಂಬಿಕೊಳ್ಳುತ್ತಿದ್ದುದನ್ನು ಕಂಡು, ಇನ್ನು ಔಷಧ ಸಾಕು, ಎಣ್ಣೆ ತಿಕ್ಕಿ ಎಳೆಬಿಸಿಲಿಗೆ ಹಿಡಿದರೆ ಎಲುಬು ತಾನೇ ಗಟ್ಟಿಯಾಗುತ್ತದೆಂದು ಹಿರಿಯರು ಹೇಳಿದರು. ನಾನೂ ಒಪ್ಪಿದೆನು. ಮೂರು ವಾರ ಹನಿ ನಿಂತಿತು. ಮುಂದಿನ ಭೇಟಿಯಲ್ಲಿ ರಕ್ತಪರೀಕ್ಷೆಯ ಅಂಕೆಗಳು ಕೆಟ್ಟಿದ್ದವು. ಎಕ್ಸ್‌ರೇ ತೆಗೆದಾಗ ಎಡಗಡೆಯ ಒಂದು ಪಕ್ಕೆಲುಬಿನಲ್ಲಿ ಬಿರುಕು ಬಿಟ್ಟು ಕೂಡಿಕೊಳ್ಳುತ್ತಿದ್ದ ಗುರುತು ಕಂಡಿತು. ಹಿಂದಿನ ವಾರವೆಲ್ಲ ಎತ್ತಿಕೊಂಡಾಗ ಕೂಸು ಅಳುತ್ತಿದ್ದುದು ಹಸಿವಿನಿಂದಲೆಂದು ನಾವು ತಿಳಿದಿದ್ದೆವು.

ಡಾಕ್ಟರು ಯಾರನ್ನೂ ಗದರಿಸಲಿಲ್ಲ. ಎಳೆಬಿಸಿಲಿನಲ್ಲಿ ಅತಿನೇರಳೆ ಕಿರಣಗಳು ಕಡಿಮೆ, ಕಿಟಕಿಯ ಗಾಜನ್ನು ಹಾಯ್ದು ಬಂದ ಬಿಸಿಲಿನಲ್ಲಿ ಉಪಯುಕ್ತ ಕಿರಣಗಳು ಇಲ್ಲವೆಂದೇ ಹೇಳಬೇಕು ಎಂದು ತಿಳಿಸಿದರು. ಬಿಸಿಲು ಸಾಕಷ್ಟು ಬಿದ್ದರೂ ಅದರಿಂದ ಹುಟ್ಟುವುದು 'ಡಿ' ಜೀವಸತ್ವವೇ ಹೊರತು ರಂಜಕವಲ್ಲ ಎಂದು ಸೇರಿಸಿದರು. ಹನಿಗಳು ಮತ್ತೆ ಆರಂಭವಾದವು. ನಮ್ಮ ತಾಯಿಯವರೇ ಗಡಿಯಾರ ನೋಡಿ ನಾಲ್ಕು ಸಲವೂ ತಪ್ಪದೆ ಹಾಕಿದರು.

೮

ಈ ಇತಿಹಾಸದಿಂದ ಹೊರಡುವ ನಿರ್ಣಯವೇನು? ಬಿಸಿಲೆಂದವರು ಸುಳ್ಳಾಡಲಿಲ್ಲ, ಮೀನೆಣ್ಣೆಯೆಂದವರೂ ತಾಯಿಹಾಲೆಂದವರೂ ಸುಳ್ಳಾಡಲಿಲ್ಲ. ಒಂದು ಸಂದರ್ಭಕ್ಕೆ ಹೊಂದಿದ ಸತ್ಯವನ್ನು ಎಲ್ಲ ಸಂದರ್ಭಗಳಿಗೂ ಹಚ್ಚಿದಾಗ ಅದು ತಪ್ಪಾಯಿತು. ೧೯೩೦ರ ವೈದ್ಯರು ಮಾಡಿದ ತಪ್ಪೂ ನಮ್ಮ ಮನೆಯಲ್ಲಿ ನಡೆದ ತಪ್ಪೂ ಸ್ವರೂಪದಲ್ಲಿ ಒಂದೇ. ತುಂಬಿದ ಮಗುವಿಗೆ ಸಾಕಾದುದು ತುಂಬದ ಮಗುವಿಗೂ ಸಾಕೆಂದು ಅವರೂ ಬಗೆದರು, ನಾವೂ ಬಗೆದೆವು.

ಹೊರನಾಡಿನಲ್ಲಿರುವ ನಮ್ಮ ಕುಟುಂಬಗಳಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಇಲ್ಲಿ ಬಾಣಂತನಕ್ಕೆ ಊರಿನಿಂದ ಬರುವ ಹಿರಿಯರು ತಂದುಕೊಡುವ ಅನುಭವಕ್ಕೆ ಬೆಲೆ ಕಟ್ಟಲಾಗದು. ಆದರೆ ಅವರ ಕಾಲದಲ್ಲಿ ಒಂದು ಕಿಲೋಗ್ರಾಮಿನ ಕೂಸು ಉಳಿಯುತ್ತಿದ್ದುದು ತೀರ ಅಪರೂಪ. ಆದ್ದರಿಂದ ಅಂಥ ಕೂಸಿನ ಎಲುಬಿನ ಅನುಭವ ಪರಂಪರೆಯಲ್ಲಿ ಸೇರಲು ಅವಕಾಶವೇ ಇರಲಿಲ್ಲ. ಇದು ಪರಂಪರೆಯ ದೋಷವಲ್ಲ. ಈ ಮಕ್ಕಳ ಬದುಕೇ ಹೊಸದು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬರೆದುಕೊಟ್ಟ ಹನಿಗಳನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಕೇಳದೆ ಹೆಚ್ಚಿಸಲೂ ಬಾರದು ಎಂಬುದನ್ನು ಬ್ರಿಟನ್ನಿನ ಪ್ರಕರಣ ನೆನಪಿಸುತ್ತದೆ.

ತಾಯಿ ಹಾಲಿನಲ್ಲಿಯೂ ಏನಾದರೂ ಕಡಿಮೆ ಇರುತ್ತದೆಯೇ ಎಂಬ ಪ್ರಶ್ನೆಗೆ ಈಗ ನನ್ನ ಉತ್ತರವಿಷ್ಟು. ಹಾಲಿನಲ್ಲಿ ಕೊರತೆಯಿಲ್ಲ, ಅದು ತಿಂಗಳು ತುಂಬಿದ ಮಗುವಿನ ಅಳತೆಗೆ ಸಿದ್ಧವಾದುದು. ಕೊರತೆಯಾದುದು ಹನ್ನೊಂದು ವಾರಗಳು. ಆ ವಾರಗಳಲ್ಲಿ ಮಾಸು ಮಾಡಬೇಕಾಗಿದ್ದ ಕೆಲಸವನ್ನು ಮಾಡುವುದಷ್ಟೇ ಪುಡಿಯ ಕೆಲಸ. ಈ ಉತ್ತರ ನನಗೆ ದೊರೆಯುವ ಹೊತ್ತಿಗೆ ನಮ್ಮ ತಾಯಿಯವರು ತೀರಿಕೊಂಡಿದ್ದರು. ಮೊಮ್ಮಗಳಿಗೆ ಈಗ ಹನ್ನೆರಡು ವರ್ಷ. ಶಾಲೆಯಲ್ಲಿ ಖೋಖೋ ಆಡುತ್ತಾಳೆ.